ದಾಖಲೆಯಿಲ್ಲದ ವಂಶವನ್ನು ಅರಸುವ ಬಗೆ

(ಒಶಾವಾದಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಒಂದಲ್ಲ ಒಂದು ದಿನ ಮುತ್ತಜ್ಜನ ಹೆಸರೇನೆಂದು ಕೇಳುತ್ತಾರೆ. ನಮಗೆ ತಿಳಿಯದಿದ್ದರೆ ಊರಿಗೆ ದೂರವಾಣಿ ಮಾಡುತ್ತೇವೆ. ಅಲ್ಲಿಯೂ ಉತ್ತರ ದೊರೆಯದಿದ್ದರೆ, "ನಮ್ಮಲ್ಲಿ ಇದನ್ನೆಲ್ಲ ಬರೆದಿಡುವ ಪದ್ಧತಿಯಿರಲಿಲ್ಲ" ಎಂದು ಕೈಬಿಡುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ. ನಮ್ಮ ಹಿರಿಯರ ಹೆಸರುಗಳು ಬರಹದಲ್ಲಿ ಉಳಿದಿವೆ. ಆದರೆ ಬೇರೆ ಯಾರೋ, ಬೇರೆ ಯಾವುದೋ ಉದ್ದೇಶದಿಂದ ಬರೆದ ಪುಸ್ತಕಗಳಲ್ಲಿ ಉಳಿದಿವೆ ಎಂಬುದೇ ಪ್ರಕೃತ ಉಪನ್ಯಾಸದ ಸಾರ.

ನೆರೆಯವರ ಉದಾಹರಣೆ

ಈ ಸಂಕಷ್ಟ ನಮ್ಮೊಬ್ಬರದೇ ಅಲ್ಲ. ಒಶಾವಾದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಪೀಟರ್‌ಬರೋ ನಗರಕ್ಕೆ ಆ ಹೆಸರು ಬಂದದ್ದು ಪೀಟರ್ ರಾಬಿನ್ಸನ್ ಎಂಬಾತನಿಂದ. ಆತ 1825ರಲ್ಲಿ ಐರ್ಲೆಂಡಿನ ಸುಮಾರು ಎರಡು ಸಾವಿರ ಬಡಜನರನ್ನು ಕರೆತಂದು ಈ ಭಾಗದಲ್ಲಿ ನೆಲೆಗೊಳಿಸಿದ. ಮುಂದೆ 1847ರ ಕ್ಷಾಮದ ವರ್ಷದಲ್ಲಿ, ಆಗ ಕೇವಲ ಇಪ್ಪತ್ತು ಸಾವಿರ ಜನರಿದ್ದ ಟೊರಾಂಟೊ ನಗರಕ್ಕೆ ಮೂವತ್ತೆಂಟು ಸಾವಿರದಷ್ಟು ವಲಸೆಗಾರರು ಬಂದಿಳಿದರು. ಅವರಲ್ಲಿ ಬಹುಪಾಲು ಐರಿಷ್ ಜನ.

ಇವರ ಸಂತತಿಯವರು ಮೂಲವನ್ನು ಅರಸಿ ಹೊರಟರೆ ಮೊದಲು ಎದುರಾಗುವುದು ಬೂದಿ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆಗಳ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಪುಸ್ತಕಗಳು ಬಹುಪಾಲು ನಾಶವಾದವು. 1861ರಿಂದ 1891ರವರೆಗಿನ ಗಣತಿಯ ಕಾಗದಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿತ್ತು. ಹೀಗಾಗಿ ದೇಶದಾದ್ಯಂತ ಪೂರ್ಣವಾಗಿ ಉಳಿದಿರುವ ಗಣತಿಗಳಲ್ಲಿ 1901ರದೇ ಅತ್ಯಂತ ಹಳೆಯದು.

ಆದರೂ ಅವರು ಕೈಚೆಲ್ಲಲಿಲ್ಲ. ಚರ್ಚಿಗೆ ಸಲ್ಲಬೇಕಾದ ದಶಾಂಶ ತೆರಿಗೆಗಾಗಿ 1823ರಿಂದ 1837ರವರೆಗೆ ಬರೆದ ಪುಸ್ತಕಗಳನ್ನೂ, ಆಸ್ತಿಯ ಮೇಲೆ ಕರ ನಿಗದಿಮಾಡಲು 1847ರಿಂದ 1864ರವರೆಗೆ ರಿಚರ್ಡ್ ಗ್ರಿಫಿತ್ ನಡೆಸಿದ ಮೌಲ್ಯಮಾಪನವನ್ನೂ ಜನಗಣತಿಯ ಬದಲಿಗೆ ಬಳಸಿಕೊಂಡರು. ಆ ಗುಮಾಸ್ತರಿಗೆ ಯಾರ ವಂಶದ ಬಗೆಗೂ ಆಸಕ್ತಿಯಿರಲಿಲ್ಲ. ಕರ ಕೊಡುವವರು ಯಾರೆಂದು ತಿಳಿಯಬೇಕಿತ್ತು, ಅಷ್ಟೆ. ನಮ್ಮ ಹಿರಿಯರಿಂದ ಏನನ್ನಾದರೂ ಪಡೆಯಬೇಕಾಗಿದ್ದವನ ಪುಸ್ತಕದಲ್ಲಿ ಅವರ ಹೆಸರನ್ನು ಹುಡುಕಬೇಕೆಂಬುದು ಇಲ್ಲಿ ಕಲಿಯಬೇಕಾದ ಪಾಠ.

ಹೆಳವರು

ಕರ್ನಾಟಕದ ಸ್ಥಿತಿ ಬೇರೆ. ಅಲ್ಲಿ ಜನನ ಮರಣಗಳ ಕಡ್ಡಾಯ ನೋಂದಣಿಗೆ ದೇಶವ್ಯಾಪಿ ಕಾಯಿದೆ ಬಂದದ್ದೇ 1969ರಲ್ಲಿ. ಜನಗಣತಿಯ ಮನೆವಾರು ಹಾಳೆಗಳು ಗೋಪ್ಯ, ಸಾರ್ವಜನಿಕರಿಗೆ ದೊರೆಯುವುದಿಲ್ಲ. ಹಾಗಿದ್ದರೂ ಐರ್ಲೆಂಡಿಗಿಲ್ಲದ ಒಂದು ಭಾಗ್ಯ ನಮಗುಂಟು. ಉತ್ತರ ಕರ್ನಾಟಕದಲ್ಲಿ ವಂಶಾವಳಿಯನ್ನು ಕಾಪಾಡುವುದನ್ನೇ ಕುಲವೃತ್ತಿಯಾಗಿ ಉಳ್ಳ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆಯ ಸದ್ದಿನೊಂದಿಗೆ ತಮಗೆ ಸೇರಿದ ಮನೆತನಗಳ ಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ತಲೆಮಾರುಗಳನ್ನು ಹೇಳುವುದು ಅವರ ರೂಢಿ. ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾರ ಮಕ್ಕಳು ಬೇರೆಯಾದರು ಎಂಬುದೆಲ್ಲ ಅದರಲ್ಲಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆಬರೆಗಳನ್ನು ಪಡೆದು ಮುಂದಿನ ಊರಿಗೆ ಹೋಗುತ್ತಾರೆ.

ಇವರ ಹೇಳಿಕೆಯಲ್ಲಿ ಆರಂಭದ ಭಾಗ ಪುರಾಣದಂತೆ ಇರಬಹುದು. ಈಚಿನ ತಲೆಮಾರುಗಳನ್ನು ಮಾತ್ರ ಇತರ ಕಾಗದಗಳೊಂದಿಗೆ ತಾಳೆನೋಡಲು ಸಾಧ್ಯ. ವೃತ್ತಿ ಕ್ಷೀಣಿಸುತ್ತಿದೆ, ಹೆಳವರ ಮಕ್ಕಳೂ ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ಮನೆತನದ ಹೆಳವರು ಯಾರೆಂದು ವಿಚಾರಿಸುವ ಕೆಲಸವನ್ನು ಮುಂದೂಡಬಾರದು.

ಭೂಮಿಯ ಕಾಗದಗಳು

ಗ್ರಿಫಿತ್ತನ ಪುಸ್ತಕಕ್ಕೆ ನಮ್ಮಲ್ಲಿ ಸಮನಾದುದು ಕಂದಾಯದ ದಾಖಲೆ. ಶಾನುಭೋಗರ, ಕುಲಕರ್ಣಿಗಳ ಲೆಕ್ಕಗಳು, ಪಹಣಿ, ಖಾತೆ ಬದಲಾವಣೆಯ ಕಾಗದಗಳು ಇವೆಲ್ಲ ಇದರಲ್ಲಿ ಸೇರುತ್ತವೆ. ಮುಖ್ಯವಾದುದು ಪೌತಿ ಖಾತೆ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಜಮೀನು ಬರಬೇಕಾದರೆ ವಂಶವೃಕ್ಷವನ್ನು ಒಪ್ಪಿಸಬೇಕಾಗುತ್ತದೆ. ಮನೆಯಲ್ಲಿ ಯಾರೂ ಬರೆದಿಡದ ವಂಶವೃಕ್ಷ ತಾಲ್ಲೂಕು ಕಚೇರಿಯ ಕಡತದಲ್ಲಿ ಸಿಕ್ಕೀತು.

ಜಮೀನೇ ಇಲ್ಲದವರ ಗತಿಯೇನೆಂಬ ಪ್ರಶ್ನೆ ನ್ಯಾಯವಾದುದು. ಗೇಣಿದಾರ ಕುಟುಂಬಗಳಿಗೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ದಾರಿ ತೋರುತ್ತದೆ. ಉಳುವವರು ನಮೂನೆ 7ರಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಸಲ್ಲಿಸಿ, ತಾವು ಸಾಗುವಳಿದಾರರೆಂದು ಸಾಧಿಸಬೇಕಾಯಿತು. ಅದುವರೆಗೆ ಒಡೆಯನ ಹೆಸರಿನ ಮರೆಯಲ್ಲಿದ್ದ ಎಷ್ಟೋ ಮನೆತನಗಳು ಆ ಅರ್ಜಿಗಳಲ್ಲಿ ಸ್ವಂತ ಹೆಸರಿನಿಂದ ಕಾಣಿಸಿಕೊಳ್ಳುತ್ತವೆ. ಇತರರಿಗೆ ಶಾಲೆಯ ದಾಖಲಾತಿ ಪುಸ್ತಕವೇ ಆಧಾರ.

ಹೆಂಗಸರ ಹೆಸರು

ಮೇಲ್ಕಂಡ ಪುಸ್ತಕಗಳಲ್ಲೆಲ್ಲ ಗಂಡಸರ ಹೆಸರೇ ಹೆಚ್ಚು. ಕರಾವಳಿಯ ಅಳಿಯಸಂತಾನ ಕುಟುಂಬಗಳಲ್ಲಿ ತಾಯಿಯ ಮೂಲಕ ವಂಶವನ್ನು ಎಣಿಸುತ್ತಿದ್ದುದರಿಂದ ಅಲ್ಲಿ ಕೊರತೆ ಕಡಿಮೆ. ಶ್ರಾದ್ಧ ತರ್ಪಣಗಳ ಆಚರಣೆಯಿರುವ ಮನೆಗಳಲ್ಲಿ ತಂದೆಯ ಕಡೆ ಮೂರು ತಲೆಮಾರು, ತಾಯಿಯ ತವರಿನ ಕಡೆ ಮೂರು ತಲೆಮಾರು, ದಂಪತಿಗಳ ಹೆಸರಿನಲ್ಲಿ ಒಟ್ಟು ಹನ್ನೆರಡು ಮಂದಿಯನ್ನು ಸ್ಮರಿಸುವುದುಂಟು. ಅವರಲ್ಲಿ ಆರು ಮಂದಿ ಹೆಂಗಸರು. ಉಳಿದವರು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ತಿರುವಿ ನೋಡಬೇಕು. ತವರಿನಿಂದ ಬಂದ ಕೊಡದ ಕಂಠದ ಮೇಲೆ ಕೆತ್ತಿಸಿದ ಹೆಸರು ಬೇರೆಲ್ಲೂ ಸಿಗದ ಹೆಸರಾಗಿರಬಹುದು. ಹಳೆಯ ಲಗ್ನಪತ್ರಿಕೆಗಳೂ ಹೀಗೆಯೇ.

ಕಾಲನಿರ್ಣಯ

ನಮ್ಮ ಹಿರಿಯರಿಗೆ ಇಸವಿ ತಿಳಿಯದಿದ್ದರೂ ಸಂವತ್ಸರ ತಿಳಿದಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗಳಿಂದ ಆರಂಭವಾಯಿತು. ಮುತ್ತಜ್ಜ ಪ್ರಭವದಲ್ಲಿ ಹುಟ್ಟಿದನೆಂದು ಅಜ್ಜಿ ಹೇಳಿ, ಅವನ ಮಗನ ಜನ್ಮವರ್ಷ ಶಾಲೆಯ ಪುಸ್ತಕದಲ್ಲಿ 1895 ಎಂದಿದ್ದರೆ, ಮುತ್ತಜ್ಜನದು 1867ರ ಪ್ರಭವವೇ ಸರಿ. "ಧಾತು ಈಶ್ವರದ ಬರದಲ್ಲಿ ಊರು ಬಿಟ್ಟರು" ಎಂಬ ಮಾತೂ ಬರಿಯ ಕಥೆಯಲ್ಲ. ಧಾತು 1876, ಈಶ್ವರ 1877. ಮೈಸೂರು ಸೀಮೆಯನ್ನು ಬರಿದುಮಾಡಿದ ಮಹಾಕ್ಷಾಮದ ವರ್ಷಗಳವು.

ಈಗ ಮಾಡಬೇಕಾದುದು

ಹುಡುಕಾಟ ತಿಳಿದದ್ದರಿಂದ ತಿಳಿಯದುದರ ಕಡೆಗೆ ಸಾಗಬೇಕು. ಕೇಳಿದ್ದು ಯಾವುದು, ಬರಹದಲ್ಲಿ ಕಂಡದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸಬೇಕು. ಹೆಸರಿನ ಮೊದಲಕ್ಷರಗಳನ್ನು ಬಿಡಿಸಿ ಬರೆಯುವುದು ನಾವು ಇಂದೇ ಮಾಡಬಹುದಾದ ಕೆಲಸ. ಹಳೆಯ ಮೈಸೂರಿನವರ ಹೆಸರಿನಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಕೆನಡಾದ ಅರ್ಜಿಗಳಲ್ಲಿ ಕುಟುಂಬನಾಮವನ್ನು ತುಂಬಲೇಬೇಕಾಗಿ, ಎಷ್ಟೋ ಮನೆಗಳಲ್ಲಿ ತಂದೆಯ ಹೆಸರೇ ಅಡ್ಡಹೆಸರಾಗಿದೆ. ಊರಿನ ಅಕ್ಷರ ಬಿದ್ದುಹೋಗಿದೆ. ಆ ಒಂದು ಅಕ್ಷರ ಯಾವ ಹಳ್ಳಿಯದೆಂದು ತಿಳಿಯದಿದ್ದರೆ ಯಾವ ತಾಲ್ಲೂಕಿನ ಕಚೇರಿಗೆ ಹೋಗಬೇಕೆಂಬುದೂ ಮಕ್ಕಳಿಗೆ ತಿಳಿಯುವುದಿಲ್ಲ.

ಕಚೇರಿಯ ಕಾಗದ ಇನ್ನಷ್ಟು ವರ್ಷ ಕಾದೀತು. ಆದರೆ ಅದರಲ್ಲಿರುವ ಹೆಸರು ನಮ್ಮ ಮನೆತನದ್ದೇ ಎಂದು ಗುರುತಿಸಬಲ್ಲವರು ಎಂಬತ್ತು ದಾಟಿದ ನಮ್ಮ ಹಿರಿಯರು. ಬೇಸಿಗೆಗೆ ಅವರು ಇಲ್ಲಿಗೆ ಬಂದಾಗ, ಇಲ್ಲವೆ ನಾವು ಊರಿಗೆ ಹೋದಾಗ, ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಟ್ಟು, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ದಿನಾಂಕ ಹಾಕಿಡೋಣ. ಮುಂದಿನವರಿಗೆ ಅದೇ ಮೊದಲ ದಾಖಲೆಯಾಗುತ್ತದೆ.