ತಾನೇ ತುಂಬಿಕೊಳ್ಳುವ ಮಗ್ಗಿ ಪುಸ್ತಕ

ಹದಿನೇಳೆಂಟ್ಲ ಎಷ್ಟು? ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ‘ನೂರ ಮೂವತ್ತಾರು’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅವರು ಹದಿನೇಳನ್ನು ಎಂಟು ಸಲ ಕೂಡುತ್ತಾ ಕೂರುವುದಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದನ್ನು ನೆನಪಿನಿಂದ ತೆಗೆದುಕೊಡುತ್ತಾರೆ. ಈ ಜಾಣತನವನ್ನು ಕಂಪ್ಯೂಟರಿಗೂ ಕಲಿಸಬಹುದು ಮಕ್ಕಳೇ.

ಮೊದಲು ಒಂದು ಒಗಟು. ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬಹುದು, ಇಲ್ಲವೇ ಎರಡೆರಡಾಗಿ ಹಾರಬಹುದು. ಮೂರು ಮೆಟ್ಟಿಲಿದ್ದರೆ ಹತ್ತುವ ಬಗೆ ಮೂರು: 1-1-1, 1-2, 2-1. ನಾಲ್ಕಿದ್ದರೆ ಐದು ಬಗೆ. ಕೊನೆಯ ಹೆಜ್ಜೆ ಒಂದು ಮೆಟ್ಟಿಲಿನದು ಅಥವಾ ಎರಡರದ್ದು ಆಗಿರಲೇಬೇಕಲ್ಲ? ಹಾಗಾಗಿ ಹಿಂದಿನ ಎರಡು ಉತ್ತರಗಳನ್ನು ಕೂಡಿದರೆ ಮುಂದಿನ ಉತ್ತರ ಸಿಗುತ್ತದೆ. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕುವಾಗ 12ನೇ ಶತಮಾನದ ಜೈನ ವಿದ್ವಾಂಸ ಹೇಮಚಂದ್ರ ಹೇಳಿದ್ದೂ ಇದೇ ನಿಯಮ.

ಈಗ 30 ಮೆಟ್ಟಿಲು! ನಿಯಮವನ್ನು ಪೈಥಾನ್ ಭಾಷೆಯಲ್ಲಿ ಹಾಗೆಯೇ ಬರೆದುಕೊಟ್ಟೆನೆನ್ನಿ. ಕಂಪ್ಯೂಟರ್ 30ಕ್ಕಾಗಿ 29 ಮತ್ತು 28ರ ಉತ್ತರ ಹುಡುಕುತ್ತದೆ. 29ಕ್ಕಾಗಿ ಮತ್ತೆ 28 ಮತ್ತು 27. ಹೀಗೆ 28ರ ಲೆಕ್ಕವನ್ನು ಎರಡು ಸಲ, 27ರದ್ದನ್ನು ಮೂರು ಸಲ, 26ರದ್ದನ್ನು ಐದು ಸಲ ಮಾಡುತ್ತದೆ. ಒಟ್ಟು 16,64,079 ಸಲ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತದೆ!

ಪೈಥಾನಿನಲ್ಲಿ ‘ಡಿಕ್ಷನರಿ’ ಎಂಬ ಸೌಲಭ್ಯವಿದೆ. ಪ್ರಶ್ನೆಯ ಎದುರು ಉತ್ತರ ಬರೆದಿಡುವ ಪುಸ್ತಕ ಎಂದುಕೊಳ್ಳಿ. ಕೇಳಿದ್ದು ಅದರಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ‘ತಪ್ಪು’ ಎಂದು ನಿಂತುಬಿಡುತ್ತದೆ. ಆದರೆ ನಮ್ಮದೇ ಬಗೆಯ ಡಿಕ್ಷನರಿ ಮಾಡಿ, ಅದರೊಳಗೆ ‘ಮಿಸ್ಸಿಂಗ್’ ಎಂಬ ಹೆಸರಿನ ಸೂಚನೆ ಸೇರಿಸಬಹುದು. ಉತ್ತರ ಸಿಗದಾಗ ಮಾತ್ರ ಅದು ಎಚ್ಚೆತ್ತು ಲೆಕ್ಕ ಮಾಡುತ್ತದೆ, ಪುಸ್ತಕದಲ್ಲಿ ಬರೆದಿಡುತ್ತದೆ, ನಮಗೂ ಹೇಳುತ್ತದೆ. 1 ಮತ್ತು 2ರ ಉತ್ತರವನ್ನು ಮೊದಲೇ ಬರೆದುಕೊಟ್ಟರೆ ಉಳಿದ 28 ಸಾಲುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಸಾಲಿಗೆ ಒಂದೇ ಕೂಡುವ ಲೆಕ್ಕ. ಉತ್ತರ 13,46,269.

ಇಂಥ ನೆನಪಿನ ಲೆಕ್ಕಕ್ಕೆ ಬ್ರಿಟನ್ನಿನ ವಿಜ್ಞಾನಿ ಡೊನಾಲ್ಡ್ ಮಿಚಿ 1968ರಲ್ಲಿ ‘ಮೆಮೊ ಫಂಕ್ಷನ್’ ಎಂದು ಹೆಸರಿಟ್ಟರು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹದಿನೇಳೆಂಟ್ಲ ಇಂದೂ ನಾಳೆಯೂ 136. ಅಜ್ಜಿಯ ರಕ್ತದ ಸಕ್ಕರೆ ಪ್ರಮಾಣ ಹಾಗಲ್ಲ. ಕಳೆದ ವಾರ ಬರೆದಿಟ್ಟ ಅಂಕಿಯನ್ನೇ ಇಂದಿನದೆಂದು ನಂಬಿ ಔಷಧಿ ಕೊಟ್ಟರೆ ಅಪಾಯ. ಬದಲಾಗದ ಉತ್ತರವನ್ನು ನೆನಪಿಡಬೇಕು, ಬದಲಾಗುವುದನ್ನು ಪ್ರತಿ ಸಲವೂ ಹೊಸದಾಗಿ ನೋಡಬೇಕು. ಯಾವುದು ಯಾವುದೆಂದು ಕಂಪ್ಯೂಟರಿಗೆ ತಿಳಿಯದು, ಅದನ್ನು ನಾವೇ ಹೇಳಿಕೊಡಬೇಕು.

ಇಂದು ಸಂಜೆ ಅಜ್ಜ-ಅಜ್ಜಿಯರೊಡನೆ ಕೂತು 10 ಮೆಟ್ಟಿಲಿನ ಲೆಕ್ಕ ಮಾಡಿ. ಒಂದೊಂದು ಉತ್ತರವನ್ನೂ ಕಾಗದದಲ್ಲಿ ಬರೆದಿಡುತ್ತಾ ಹೋಗಿ. ಕೊನೆಗೆ 89 ಬಂದರೆ ನಿಮ್ಮ ಪುಸ್ತಕ ಸರಿಯಾಗಿ ತುಂಬಿದೆ ಎಂದರ್ಥ!