ಪಾಪೆಯ ಕತ್ತಲಿಗೆ ಬಿದ್ದ ಬೆಳಕು

"ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ಒತ್ತಿಕೊಳ್ಳಿ, ಅಲುಗಾಡಬೇಡಿ." ಕಣ್ಣಾಸ್ಪತ್ರೆಯಲ್ಲಿ ಈ ಮಾತು ಕೇಳದವರು ಕಡಿಮೆ. ಎದುರಿಗಿರುವ ಯಂತ್ರ ಸ್ಲಿಟ್ ಲ್ಯಾಂಪ್. ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್ 1911ರಲ್ಲಿ ಇದರ ಮೊದಲ ರೂಪವನ್ನು ತೋರಿಸಿದರು.

ಕಣ್ಣಿನ ಮೇಲೆ ತೆಳುವಾದ ಬೆಳಕಿನ ಗೆರೆಯನ್ನು ಓರೆಯಾಗಿ ಹಾಯಿಸಿ, ಇನ್ನೊಂದು ಕೋನದಿಂದ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇದರ ಉಪಾಯ. ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆಯಾದ ಕಾರ್ನಿಯಾದ ದಪ್ಪ ನಡುವಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದರ ಪದರಗಳು ಕತ್ತರಿ ತಾಗಿಸದೆಯೇ ಬಿಡಿಬಿಡಿಯಾಗಿ ಕಾಣುತ್ತವೆ. ಒಕ್ಕಣೆಯಲ್ಲಿ ಭತ್ತದ ಹೊಟ್ಟು ತಾಗಿ ಬಂದ ರೈತನ ಕಣ್ಣಿನಲ್ಲಿ ಗಾಯ ಎಷ್ಟು ಆಳಕ್ಕಿಳಿದಿದೆ, ಶಿಲೀಂಧ್ರದ ಹುಣ್ಣಿನ ಸುಳಿವಿದೆಯೇ ಎಂದು ವೈದ್ಯರು ಮೊದಲು ಹುಡುಕುವುದು ಇಲ್ಲೇ.

ಇದಕ್ಕೇ ಗೋಲ್ಡ್‌ಮನ್ ಟೋನೋಮೀಟರ್ ಜೋಡಿಸಿದರೆ ಕಣ್ಣಿನೊಳಗಿನ ಒತ್ತಡ ಅಳೆಯಬಹುದು. ಮರಗಟ್ಟಿಸುವ ಹನಿ ಹಾಕಿ, ಕಿತ್ತಳೆ ಬಣ್ಣದ ದ್ರವ ಸವರಿ, ನೀಲಿ ಬೆಳಕು ಬಿಡುತ್ತಾರೆ. ಆಗ ವೈದ್ಯರಿಗೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ಅವುಗಳ ಒಳಅಂಚುಗಳು ಕೂಡುವಂತೆ ಗುಂಡಿ ತಿರುಗಿಸುತ್ತಾರೆ. ಆ ಕ್ಷಣ ಕಾರ್ನಿಯಾದ 3.06 ಮಿಲಿಮೀಟರ್ ವ್ಯಾಸದ ಭಾಗ ಸಪಾಟಾಗಿರುತ್ತದೆ. ಸಾಮಾನ್ಯ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್ ಎನ್ನುತ್ತಾರೆ. ಆದರೆ ಆ ಮಿತಿಯೊಳಗೂ ಗ್ಲುಕೋಮಾ ಕಾಯಿಲೆ ಕಣ್ಣಿನ ಹಿಂದಿನ ದೃಷ್ಟಿನರವನ್ನು ತಿನ್ನಬಲ್ಲದು. ಹಾಗಾಗಿ ನರವನ್ನೇ ನೋಡದೆ ವಿಧಿಯಿಲ್ಲ.

ನೋಡುವುದು ಹೇಗೆ? ಪಾಪೆ ಕಪ್ಪಾಗಿ ಕಾಣುವುದು ಒಳಗೆ ಬೆಳಕು ಹೋಗದ್ದರಿಂದಲ್ಲ. ಹೋದ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ, ಆ ದಾರಿಯಲ್ಲಿ ಕಣ್ಣಿಡಲು ಹೋದರೆ ನೋಡುವವರ ತಲೆಯೇ ಬೆಳಕಿಗೆ ಅಡ್ಡ. ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದ ಹೆಲ್ಮ್‌ಹೋಲ್ಟ್ಸ್ ಓರೆಯಾಗಿಟ್ಟ ಗಾಜಿನ ತಟ್ಟೆಗಳಿಂದ ಬೆಳಕನ್ನು ಒಳಕ್ಕೆ ತಿರುಗಿಸಿ, ಅದೇ ಗಾಜಿನ ಮೂಲಕ ಇಣುಕಿದರು. 1851ರಲ್ಲಿ ಪ್ರಕಟವಾದ ಈ ಆಫ್ತಾಲ್ಮೋಸ್ಕೋಪ್‌ನಿಂದ ಜೀವಂತ ಕಣ್ಣಿನ ರಕ್ತನಾಳ, ನರದ ತುದಿ ಮನುಷ್ಯನಿಗೆ ಸ್ಪಷ್ಟವಾಗಿ ಕಂಡವು. ವೈದ್ಯವಿಜ್ಞಾನದಲ್ಲಿ ಇಷ್ಟು ಸರಳ ಉಪಾಯ ಇಷ್ಟು ದೊಡ್ಡ ಬಾಗಿಲು ತೆರೆದದ್ದು ಅಪರೂಪವೆಂದೇ ನಾನು ನಂಬುತ್ತೇನೆ.

ಅದರ ಫಲ ಹೆಚ್ಚು ಸಲ್ಲಬೇಕಾದದ್ದು ಮಾತು ಬಾರದ ಕೂಸುಗಳಿಗೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಅಕ್ಷಿಪಟದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ದಾರಿ ತಪ್ಪಿ ಬೆಳೆದರೆ ಅಕ್ಷಿಪಟವೇ ಕಳಚಿ ಮಗು ಶಾಶ್ವತವಾಗಿ ಕುರುಡಾಗಬಹುದು. ಹೊರಗಿನಿಂದ ಏನೂ ಗೊತ್ತಾಗದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ವಿಶಾಲ ನೋಟದ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಅವರು ತೆಗೆದ ಚಿತ್ರವನ್ನು ತಜ್ಞರು ದೂರದಿಂದಲೇ ಪರಿಶೀಲಿಸುತ್ತಾರೆ. ಕಾಯಿಲೆ ಬಲಿತಿದ್ದರೆ ಲೇಸರ್ ಚಿಕಿತ್ಸೆಗೆ ಸಿಗುವುದು ಎರಡು-ಮೂರು ದಿನ ಮಾತ್ರ. ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ ಆಗಿರಬೇಕು ಎಂದು ವೈದ್ಯರು ಪಟ್ಟುಹಿಡಿಯುವುದು ಅದಕ್ಕೇ.