ಮುಳ್ಳಯ್ಯನಗಿರಿಯ ಹುಲ್ಲು

ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾವುದು ಗೊತ್ತೇ? ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ. ಎತ್ತರ 1,930 ಮೀಟರ್. ನಾವು ಕಲಿಕಾ ಕೇಂದ್ರದವರೆಲ್ಲ ಸೇರಿ ಅಲ್ಲಿಗೆ ಹೋಗಿದ್ದೆವು.

ಮೇಲೆ ನಿಂತರೆ ಸುತ್ತ ಬರೀ ಹುಲ್ಲು. "ಇದೇನು ಮೇಷ್ಟ್ರೇ, ಬೋಳು ಗುಡ್ಡ!" ಅಂದರು ಒಬ್ಬರು.

ಬೋಳಲ್ಲ. ಗುಡ್ಡಗಳ ನಡುವೆ, ಕಣಿವೆಯಲ್ಲಿ ದಟ್ಟ ಕಾಡಿದೆ. ಅದಕ್ಕೆ ಶೋಲಾ ಅಂತಾರೆ. ಹುಲ್ಲೂ ಶೋಲಾವೂ ಮಳೆನೀರನ್ನು ಹಿಡಿದಿಟ್ಟು, ನಿಧಾನವಾಗಿ ಹಳ್ಳಕ್ಕೆ ಬಿಡುತ್ತವೆ. ವೇದಾವತಿ ನದಿ ಹುಟ್ಟೋದು ಈ ಬೆಟ್ಟಸಾಲಿನಲ್ಲೇ. ಆ ನೀರು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ಸೇರಿ, ಬಯಲುಸೀಮೆಯ ಹೊಲ ತೋಟಗಳಿಗೆ ಹೋಗುತ್ತದೆ.

ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ. ಬೀಡಿಯ ಒಂದು ಕಿಡಿ ಸಾಕು, ಗುಡ್ಡವೇ ಉರಿದುಹೋಗುತ್ತದೆ. ಆಮೇಲೆ ಮಳೆ ಬಂದರೆ ನೀರು ನಿಲ್ಲೋದಿಲ್ಲ, ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ.

ಬೋಳು ಗುಡ್ಡ ಅಂದವರು ಇದನ್ನು ಕೇಳಿ, ಜೇಬಿನ ಬೆಂಕಿಪೊಟ್ಟಣ ತೆಗೆದು ನಮ್ಮ ಕೈಗೆ ಕೊಟ್ಟರು.